ಟೊಪ್ಪಿಗೆಯ ಮೇಲಿನ ಬಿಳಿ ಪುಡಿ

ಅಣಬೆ ಹುಡುಕುವವರನ್ನು ಜನ ಮೊದಲು ಕೇಳುವುದು ಒಂದೇ ಪ್ರಶ್ನೆ: "ತಿನ್ಲಿಕ್ಕ ಬರ್ತದೇನ್ರಿ?" ಚಿಂಚೋಳಿಯಿಂದ ಕಾಳಗಿಗೆ ಬರುವ ಬಸ್ಸಿನ ಕಂಡಕ್ಟರ್ ಕೇಳಿದ್ದಾನೆ, ವಾಡಿಯಲ್ಲಿ ನಮ್ಮ ಮನೆಗೆ ಹಾಲು ಹಾಕುವವನು ಕೇಳಿದ್ದಾನೆ, ನನ್ನನ್ನು ಹೆತ್ತ ಅವ್ವನೂ ಕೇಳಿದ್ದಾಳೆ. ಬರುವುದಿಲ್ಲ ಎಂದರೆ "ಹಂಗಾದ್ರ ಯಾಕ ಹೊತ್ಕೊಂಡು ತರ್ತೀರಿ?" ಎಂಬ ಎರಡನೆಯ ಪ್ರಶ್ನೆ ತಯಾರಿರುತ್ತದೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ "ಹೆಸರಿಡ್ಲಿಕ್ಕ" ಎಂದು ಹೇಳಿ ಸುಮ್ಮನಾಗುತ್ತೇನೆ.

ಹೆಸರಿಡುವ ಈ ಆಸೆಯಲ್ಲಿ ನಾನೊಂದು ತಪ್ಪು ಮಾಡಿದ್ದೆ. ತಪ್ಪು ಎನ್ನುವುದಕ್ಕಿಂತ ಸುಳ್ಳು ಎನ್ನುವುದೇ ಸರಿ. ಅದರಿಂದ ನನ್ನನ್ನು ಹೊರಗೆ ತಂದದ್ದು ನಮ್ಮ ಕಾಲೇಜಿನ ಪ್ರಯೋಗಾಲಯದ ಅಟೆಂಡರ್. ಅವರ ಬಗ್ಗೆ ಬರೆಯಬೇಕೆಂದರೆ ನನ್ನ ಸುಳ್ಳನ್ನೂ ಬರೆಯದೆ ಗತಿಯಿಲ್ಲ.

ನಾನು ಶಹಾಬಾದಿನವಳು. ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ದುಡಿದವನು. ಮದುವೆಯಾಗಿ ವಾಡಿಗೆ ಬಂದೆ. ಅಲ್ಲಿಂದ ದಿನವೂ ಚಿತ್ತಾಪುರಕ್ಕೆ ಹೋಗಿ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಅಟೆಂಡರ್ ಪಕ್ಕದ ದಂಡೋತಿಯವರು. ಹತ್ತನೇ ಇಯತ್ತೆ ದಾಟಿಲ್ಲ. ಪ್ರಾಂಶುಪಾಲರಿಂದ ಹಿಡಿದು ಮೊನ್ನೆ ಸೇರಿದ ವಿದ್ಯಾರ್ಥಿಯವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ, ಅವರು ನನ್ನನ್ನು, ನಮ್ಮ ಕಡೆ ಟೀಚರನ್ನು ಕರೆಯುವಂತೆ, ಬಾಯಾರೆ ಎನ್ನುತ್ತಾರೆ.

ಕಾಕಾನ ಕೈಕೆಲಸವನ್ನು ನೀವು ನೋಡಬೇಕು. ಅಣಬೆಯ ಟೊಪ್ಪಿಗೆಯ ಅಡಿಯಲ್ಲಿ ಪುಸ್ತಕದ ಹಾಳೆಗಳ ಹಾಗೆ ತೆಳ್ಳಗಿನ ಪದರುಗಳಿರುತ್ತವೆಯಲ್ಲ, ಅವುಗಳದೊಂದು ಚೂರನ್ನು ಅಡ್ಡಲಾಗಿ ಇನ್ನೂ ತೆಳ್ಳಗೆ ಕೊಯ್ದರೆ ಮಾತ್ರ ಸೂಕ್ಷ್ಮದರ್ಶಕದಲ್ಲಿ ಏನಾದರೂ ಕಾಣುತ್ತದೆ. ಅಷ್ಟು ಮೆತ್ತನೆಯದನ್ನು ಕೈಯಲ್ಲಿ ಹಿಡಿದು ಕೊಯ್ಯಲಾಗದು. ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆಂದೇ ಯಂತ್ರಗಳಿವೆ. ಕಾಕಾನ ಬಳಿ ಜೋಳದ ದಂಟಿದೆ. ಸುಗ್ಗಿ ಮುಗಿದ ಮೇಲೆ ಹೊಲದಿಂದ ಒಂದು ಹೊರೆ ದಂಟು ತಂದು, ಸಿಪ್ಪೆ ಸುಲಿದು, ಒಳಗಿನ ಬಿಳಿ ಬೆಂಡನ್ನು ಬೆರಳುದ್ದಕ್ಕೆ ಕತ್ತರಿಸಿ ಡಬ್ಬಿ ತುಂಬಿಡುತ್ತಾರೆ. ಬೆಂಡನ್ನು ಸೀಳಿ, ನಡುವೆ ಅಣಬೆಯ ಚೂರನ್ನಿಟ್ಟು, ಗಡ್ಡ ಮಾಡುವ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಸರ್ರನೆ ಎಳೆಯುತ್ತಾರೆ. ಕೊಯ್ದ ಹೋಳನ್ನು ದಿನಪತ್ರಿಕೆಯ ಮೇಲಿಟ್ಟು ನೋಡುತ್ತಾರೆ. ಕೆಳಗಿನ ಅಕ್ಷರ ಓದಲು ಬಂದರೆ ಸರಿ, ಬರದಿದ್ದರೆ ಎಸೆದು ಇನ್ನೊಂದು. ನಾನು ಇಷ್ಟು ವರ್ಷ ಓದಿದವಳು, ನನ್ನ ಹೋಳುಗಳ ಕೆಳಗೆ ದಪ್ಪ ತಲೆಬರಹವೂ ಕಾಣುವುದಿಲ್ಲ.

ಸ್ಲೈಡಿನ ಅಂಚಿಗೆ ಗಾಳಿ ಹೋಗದಂತೆ ಬಳಿಯಲು ಅವರು ಉಗುರಿನ ಬಣ್ಣ ಬಳಸುತ್ತಾರೆ. ಅದೂ ಕಡುಗೆಂಪು. ಬಳೆ ಅಂಗಡಿಯವಳು "ಕಾಕಾ, ಕಾಕಿಗಿ ಈ ವಯಸ್ಸಿನ್ಯಾಗ ಭಾಳ ಶೋಕಿ ಬಂದದ" ಎಂದು ಚೇಷ್ಟೆ ಮಾಡಿದರೆ "ಹೌದವಾ, ಏನ್ ಮಾಡಾದು" ಎಂದು ನಕ್ಕು ಬರುತ್ತಾರೆ. ನಮ್ಮ ಸ್ಲೈಡುಗಳಿಗೆಲ್ಲ ಕೆಂಪು ಚೌಕಟ್ಟಿದೆ.

ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಾವಿಬ್ಬರೂ ಚಂದ್ರಂಪಳ್ಳಿ ಜಲಾಶಯದ ಆಚೆಯ ಕಾಡಿಗೆ ಹೋಗಿದ್ದೆವು. ನಮ್ಮ ಜಿಲ್ಲೆ ಎಂದರೆ ಬಿಸಿಲು ಎಂದು ನಂಬಿದವರಿಗೆ ಆ ಕಾಡನ್ನು ಶ್ರಾವಣದಲ್ಲಿ ತೋರಿಸಬೇಕು. ಕೊಳೆತ ತೇಗದ ಎಲೆಗಳ ನಡುವೆ ಆರು ಅಣಬೆಗಳು ಸಿಕ್ಕವು. ಬೋರೆಹಣ್ಣಿನಷ್ಟಗಲದ ಟೊಪ್ಪಿಗೆ, ತೊಗರಿಯ ಹೊಟ್ಟಿನ ಬಣ್ಣ, ತೆಳ್ಳಗೆ ಉದ್ದನೆಯ ಕಾಲು. ಕಾಕಾ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿ, ಮೂಸಿ, "ನಾದಿದ ಜ್ವಾಳದ ಹಿಟ್ಟಿನ ವಾಸನಿ ಬರ್ಲಿಕತ್ತದ್ರಿ" ಎಂದರು. ಹಾಗೆಯೇ ಬರೆದುಕೊಂಡೆ. ಅಣಬೆ ನಮಗಾಗಿ ಕಾಯುವುದಿಲ್ಲ. ಬೆಳಿಗ್ಗೆ ಕಿತ್ತದ್ದರ ಬಣ್ಣ ಸಂಜೆಗೆ ಬೇರೆ, ವಾಸನೆ ಬೇರೆ. ಆದ್ದರಿಂದ ಕಂಡದ್ದನ್ನು ಕಂಡ ಜಾಗದಲ್ಲೇ ಬರೆಯಬೇಕು. ಮಳೆಹನಿಗೆ ಶಾಯಿ ಹರಡುತ್ತದೆ ಎಂದು ನಾನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಬಣ್ಣ, ಅಳತೆ, ವಾಸನೆ, ಮುರಿದರೆ ಹೇಗೆ, ಮುಟ್ಟಿದರೆ ಹೇಗೆ. ಒಂದು ಪುಟ ತುಂಬಿತು.

ಸಂಜೆ ಚಿತ್ತಾಪುರಕ್ಕೆ ಬಂದ ಕೂಡಲೆ ಕಾಕಾ ಒಂದು ಟೊಪ್ಪಿಗೆಯನ್ನು ಕೊಯ್ಯಲು ಕೂತರು. ನಾನು ಇನ್ನೊಂದರಿಂದ ಅಕ್ಕಿಕಾಳಿನಷ್ಟು ತುಂಡನ್ನು ಡಿಎನ್‌ಎ ಪರೀಕ್ಷೆಗೆಂದು ಸಣ್ಣ ಕೊಳವೆಯಲ್ಲಿಟ್ಟೆ. ಬಸ್ಸಿಗೆ ಹೊತ್ತಾಗಿತ್ತು. ಬ್ಯಾಗು ಏರಿಸಿಕೊಂಡು ಹೊರಟಾಗ ಕಾಕಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಬಾಯಾರೆ, ಇಲ್ನೋಡ್ರಿ. ಪದರಿನ ಅಂಚಿಗಿ ಸಣ್ಣ ಸಣ್ಣ ಸೀಸಿ ನಿಂದರ್ಸಿದಂಗ ಅವ" ಎಂದರು. "ನಾಳಿ ನೋಡ್ತೀನಿ ಕಾಕಾ, ಟ್ರೇದಾಗ ಇಡ್ರಿ" ಎಂದೆ. ಆ ನಾಳೆ ಬರಲು ತಿಂಗಳುಗಳೇ ಹಿಡಿದವು.

ಕಾಲೇಜಿನ ಒಣಗಿಸುವ ಪೆಟ್ಟಿಗೆ ಕೆಟ್ಟಿತ್ತು. ಉಳಿದ ಅಣಬೆಗಳನ್ನು ವಾಡಿಗೆ ಒಯ್ದು, ಜರಡಿಯಲ್ಲಿ ಹರಡಿ, ಮೇಲೆ ಸೊಳ್ಳೆಪರದೆಯ ತುಂಡು ಹೊದಿಸಿ ಮಾಳಿಗೆಯ ಮೇಲಿಟ್ಟೆ. ಪುಣ್ಯಕ್ಕೆ ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಮೂರನೆಯ ದಿನ ಕೈಮಸೂರದಲ್ಲಿ ನೋಡಿದರೆ ಟೊಪ್ಪಿಗೆಯ ಮೇಲೆಲ್ಲ ಸಣ್ಣ ಬಿಳಿ ಪುಡಿ. ಒಣಗಿ ಮೂಡಿದ ಗೀರುಗಳ ಒಳಗೆ ಕೂತು ಮಿಣಮಿಣ ಹೊಳೆಯುತ್ತಿತ್ತು. ಮತ್ತೆ ಮತ್ತೆ ಮಸೂರ ಹಿಡಿದು ನೋಡಿದೆ. ಏಕೆಂದರೆ ಇದನ್ನು ಹೋಲುವ, ಪುಸ್ತಕಗಳಲ್ಲಿರುವ ಅಣಬೆಯ ಟೊಪ್ಪಿಗೆ ನುಣ್ಣಗಿರುತ್ತದೆ. ಇಂಥ ಪುಡಿಯನ್ನೇ ಗುರುತಾಗಿ ಹಿಡಿದು ಬೇರ್ಪಡಿಸಿದ ಪ್ರಭೇದಗಳು ಎಷ್ಟೋ ಇವೆ. ಅಂದರೆ ನನ್ನ ಕೈಯಲ್ಲಿರುವುದು ಹೊಸದು!

ಕಾಡಿನಲ್ಲಿ ಬರೆದ ಪುಟ ತೆಗೆದೆ. ಪುಡಿಯ ಮಾತೇ ಅಲ್ಲಿಲ್ಲ. ಮಳೆಯ ಗಡಿಬಿಡಿಯಲ್ಲಿ ನಾನು ನೋಡಿರಲಿಕ್ಕಿಲ್ಲ ಎಂದುಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಅದು ತಪ್ಪಾಗಿ ಉಳಿಯುತ್ತಿತ್ತು. ನಾನು ಕಾಡಿಗೆ ಒಯ್ದಿದ್ದ ಅದೇ ಮೊಂಡು ಪೆನ್ಸಿಲನ್ನು ಬ್ಯಾಗಿನ ತಳದಿಂದ ಹುಡುಕಿ ತೆಗೆದು, ಪುಟದ ಕೊನೆಯಲ್ಲಿ ಅದೇ ಅಕ್ಷರದಲ್ಲಿ, "ಟೊಪ್ಪಿಗೆಯ ಮೇಲೆ ಬಿಳಿ ಪುಡಿ" ಎಂದು ಸೇರಿಸಿದೆ. ಕೈ ಒಂದಿಷ್ಟೂ ನಡುಗಲಿಲ್ಲ. ಬೇಕಿರುವುದು ಕಂಡಾಗ ಮನುಷ್ಯರ ಕೈ ನಡುಗುವುದಿಲ್ಲ.

ಮುಂದಿನ ಎರಡು ತಿಂಗಳು ನಾನು ನೆಲದ ಮೇಲೆ ನಡೆದಿಲ್ಲ. ಲೇಖನದ ಕರಡು ಬರೆದೆ. ಹಿಟ್ಟು ಬಳಿದ ಮುಖದವಳು ಎಂಬರ್ಥ ಬರುವ ಲ್ಯಾಟಿನ್ ಹೆಸರನ್ನು ಆರಿಸಿದೆ. ಡಿಎನ್‌ಎ ಫಲಿತಾಂಶ ಬರುವ ಮೊದಲೇ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿ ಎಷ್ಟು ಸಲ ನಕ್ಕಿದ್ದೆನೋ, ಈಗ ನನ್ನ ಕೈಯಲ್ಲೇ ಸೂಜಿ ಇತ್ತು.

ಕಾಕಾ ಪೇಢೆ ತಿಂದು ಕೈ ತೊಳೆದುಕೊಂಡು ಬಂದು, ಒಣ ಅಣಬೆಯ ಪೆಟ್ಟಿಗೆ ಕೇಳಿದರು. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬಾಯಾರೆ, ಅವತ್ತ ಈ ಪುಡಿ ಇರ್ಲಿಲ್ರಿ."

"ಇತ್ತು ಕಾಕಾ. ನೀವು ಸರಿಯಾಗಿ ನೋಡಿಲ್ಲ."

"ಅಂಗೈದಾಗ ಹಿಡ್ಕೊಂಡು ನೋಡೀನ್ರಿ. ನುಣ್ಣಗಿತ್ತು."

ನನಗೆ ರೇಗಿತು. ಎದುರಿಗೆ ಇಬ್ಬರು ಸಹೋದ್ಯೋಗಿಗಳು ಪೇಢೆ ಹಿಡಿದುಕೊಂಡು ನಿಂತಿದ್ದರು. ಕಾಡಿನಲ್ಲಿ ಬರೆದುಕೊಂಡ ಪುಸ್ತಕವನ್ನು ತೆಗೆದು ಕಾಕಾನ ಮುಂದೆ ಟೇಬಲ್ಲಿನ ಮೇಲೆ ಬಡಿದಂತೆ ಇಟ್ಟೆ. "ಓದ್ರಿ. ಅವತ್ತೇ ಬರದೀನಿ" ಎಂದೆ. ಕಾಕಾ ಬಗ್ಗಿ ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ನನ್ನ ಮುಖ ನೋಡಲಿಲ್ಲ. ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿ ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನಿಂದ ಅರ್ಧ ನಿಂಬೆಹಣ್ಣು ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಸಹೋದ್ಯೋಗಿಗಳು ಹೋಗಿದ್ದರು. ಅವರು ಹೋಗಲೆಂದೇ ಕಾಕಾ ಹೊರಗೆ ನಿಂತಿದ್ದರು ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಕುಂಚದ ತುದಿಯಿಂದ ಟೊಪ್ಪಿಗೆಯ ಪುಡಿಯನ್ನು ಗಾಜಿನ ಮೇಲೆ ಉದುರಿಸಿ, ಸೂಕ್ಷ್ಮದರ್ಶಕದಡಿ ಇಟ್ಟು, "ಕುಂದ್ರಿ ಬಾಯಾರೆ, ನೋಡ್ರಿ" ಎಂದರು. ನಾನು ಕಣ್ಣಿಟ್ಟೆ. ಅವರು ಪಕ್ಕದಿಂದ ಒಂದು ಹನಿ ನಿಂಬೆರಸ ಬಿಟ್ಟರು.

ಪುಡಿಯ ಒಂದೊಂದು ಕಣದಿಂದಲೂ ಬುರುಬುರು ಗುಳ್ಳೆ ಎದ್ದವು.

ಅಣಬೆಯ ಮೈಯಿಂದ ಬಂದ ಪುಡಿ ಹಾಗೆ ನೊರೆಗಟ್ಟುವುದಿಲ್ಲ. ನೊರೆಗಟ್ಟುವುದು ಸುಣ್ಣದ ಕಲ್ಲು, ನಮ್ಮ ಪರಸಿಯಂಥದ್ದು. ಶಹಾಬಾದಿನ ಖಣಿಯವನ ಮಗಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ನಮ್ಮ ಮನೆಯ ಪರಸಿ ನೆಲದ ಮೇಲೆ ಹುಣಸೆಹುಳಿ ಚೆಲ್ಲಿದರೆ, ಕಲ್ಲು ಕಲೆಯಾಯಿತೆಂದು ಅವ್ವ ದಿನವೆಲ್ಲ ಬೈಯುತ್ತಿದ್ದಳು. ವಾಡಿಯಲ್ಲಿ ಊಟಕ್ಕೆ ಕೂತವರು ತಟ್ಟೆಯನ್ನೊಮ್ಮೆ ಸೆರಗಿನಿಂದಲೋ ಟವೆಲ್ಲಿನಿಂದಲೋ ಒರೆಸಿಕೊಳ್ಳುತ್ತಾರೆ. ದೂಳು ಕಂಡು ಒರೆಸುವುದಲ್ಲ, ರೂಢಿ. ಸುಣ್ಣದ ಕಲ್ಲು ಹೊತ್ತ ಲಾರಿಗಳು ಓಡಾಡುವ ಊರಿನಲ್ಲಿ ದೂಳಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ನಾನೂ ದಿನಕ್ಕೆ ಎರಡು ಸಲ ತಟ್ಟೆ ಒರೆಸುತ್ತಿದ್ದವಳು, ಆ ಮಾಳಿಗೆಯ ಮೇಲೆ ಎರಡು ದಿನ ಬಿದ್ದಿದ್ದ ಅಣಬೆಯನ್ನು ಮಾತ್ರ ಒರೆಸಲಿಲ್ಲ. ಒರೆಸುವುದು ಬಿಟ್ಟು ಅದಕ್ಕೆ ಲ್ಯಾಟಿನ್ನಿನಲ್ಲಿ ಹೆಸರಿಟ್ಟಿದ್ದೆ.

ಎರಡು ದಿನ ಕಾಕಾನ ಜೊತೆ ಮಾತಾಡಲಿಲ್ಲ. ನನ್ನ ಸ್ವಭಾವವೇ ಹಾಗೆ, ತಪ್ಪು ನನ್ನದಾದಾಗ ಸಿಟ್ಟು ಇನ್ನಷ್ಟು ಹೆಚ್ಚು. ಅವರು ಎಂದಿನಂತೆ ಹನ್ನೊಂದಕ್ಕೆ ಚಹಾ ತಂದಿಟ್ಟರು. ಮೂರನೆಯ ದಿನ ನಾನು ಪುಸ್ತಕ ತೆರೆದು, ಆ ಸಾಲಿನ ಮೇಲೆ ರಬ್ಬರ್ ಹಿಡಿದು ಕೂತಿದ್ದೆ. ಚಹಾ ಇಡಲು ಬಂದವರು ನಿಂತರು.

"ಕಾಕಾ, ಈ ಸಾಲು ನಾನು ಆಮ್ಯಾಲ ಬರದದ್ದು" ಎಂದೆ.

"ಗೊತ್ತದರಿ."

"ಅವತ್ತ ಎಲ್ಲಾರ ಮುಂದ ಯಾಕ ಹೇಳ್ಲಿಲ್ಲ?"

ಕಾಕಾ ಚಹಾದ ಕಪ್ಪನ್ನು ಟೇಬಲ್ಲಿನ ಮೇಲಿಟ್ಟರು. ರಬ್ಬರನ್ನು ನೋಡಿ, "ಅಳಸಬ್ಯಾಡ್ರಿ ಬಾಯಾರೆ. ಅಳಸಿದ್ರ ಸುಳ್ಳ ಎರಡ ಆಗ್ತಾವ. ಮ್ಯಾಲ ಒಂದು ಗೀಟ ಎಳದು, ಇವತ್ತಿನ ತಾರೀಖ ಹಾಕಿ ಸಹಿ ಮಾಡ್ರಿ. ಕೆಳಗ ಏನ್ ಬರದದ ಅಂತ ಓದ್ಲಿಕ್ಕ ಬರಬೇಕು" ಎಂದರು. ಹಾಗೇ ಮಾಡಿದೆ, ಶಾಯಿಯಲ್ಲಿ. ಸಂಶೋಧನೆಯ ನೀತಿಯ ಬಗ್ಗೆ ನಾನು ಕೇಳಿದ ಉಪನ್ಯಾಸಗಳು ಕಡಿಮೆಯಲ್ಲ. ನೆನಪಿನಲ್ಲಿ ಉಳಿದಿರುವುದು ಈ ನಾಲ್ಕು ಮಾತು.

ಡಿಎನ್‌ಎ ಫಲಿತಾಂಶ ಬಂದಾಗ ನಾನು ಸೇಡಂನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಫೋನಿನಲ್ಲಿ ನಾಲ್ಕೇ ಅಕ್ಷರಗಳು ಹಿಂದೆ ಮುಂದೆ ಆಗುತ್ತ ಸಾಲುಗಟ್ಟಿ ನಿಂತಿದ್ದವು. ಅಣಬೆಗಳ ಡಿಎನ್‌ಎಯಲ್ಲಿ ಒಂದು ಸಣ್ಣ ಭಾಗವಿದೆ, ಪ್ರಭೇದದಿಂದ ಪ್ರಭೇದಕ್ಕೆ ಅದರ ಅಕ್ಷರಗಳ ಸಾಲು ಬದಲಾಗುತ್ತದೆ. ಜಗತ್ತಿನ ಬೇರೆ ಬೇರೆ ಕಡೆ ಓದಿ ಜಮಾ ಮಾಡಿಟ್ಟ ಸಾಲುಗಳ ಪಕ್ಕ ನಮ್ಮದನ್ನು ಇಟ್ಟು ಹೋಲಿಸಬಹುದು. ಹೋಲಿಸಿದ ಲ್ಯಾಬಿನವರು ಕೆಳಗೆ ಬರೆದಿದ್ದರು: ಇದು ತಿಳಿದಿರುವ ಯಾವುದರ ಜೊತೆಗೂ ಕೂಡುವುದಿಲ್ಲ, ಬೇರೆಯೇ ಕವಲು. ಆದರೆ ಒಂದೇ ಮಾದರಿಯ ಮೇಲೆ ಹೇಳಲಾಗದು, ಇನ್ನಷ್ಟು ಬೇಕು.

ಸಂತೋಷಪಡಬೇಕಾದ ನನಗೆ ಅಳು ಬಂತು. ಪುಡಿ ಹೋಯಿತು, ಅಣಬೆ ಮಾತ್ರ ಹೊಸದು. ಹೊಸದು ಎಂದು ಅಕ್ಷರಗಳು ಹೇಳುತ್ತವೆ, ಆದರೆ ಯಾರಾದರೂ ಕಾಡಿನಿಂದ ತಂದು ಮೇಜಿನ ಮೇಲಿಟ್ಟರೆ ಇದೇ ಅದು ಎಂದು ಯಾವ ಗುರುತಿನಿಂದ ಹೇಳುವುದು? ಮೈಮೇಲೆ ಒಂದು ಗುರುತನ್ನೂ ತೋರಿಸಲಾಗದ ನಾನು ಹೊಸ ಪ್ರಭೇದ ಎಂದು ಯಾವ ಬಾಯಿಂದ ಬರೆಯಲಿ? ಸೇಡಂನಿಂದ ಚಿತ್ತಾಪುರದವರೆಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಇದನ್ನೇ ಯೋಚಿಸುತ್ತಿದ್ದೆ. ತೊಗರಿ ಹೊಲಗಳು ಮುಗಿದು ಊರು ಬರುವ ಹೊತ್ತಿಗೆ ಕಾಕಾನ ಮಾತು ನೆನಪಾಯಿತು. ಸಣ್ಣ ಸಣ್ಣ ಸೀಸಿ.

ಟ್ರೇ ಇಟ್ಟಲ್ಲೇ ಇತ್ತು. ಕೆಂಪು ಚೌಕಟ್ಟಿನ ಆ ಸ್ಲೈಡಿನ ಮೇಲೆ ಕಾಕಾ ತಮ್ಮ ದುಂಡನೆಯ ಅಕ್ಷರದಲ್ಲಿ ತಾರೀಖು, ಚಂದ್ರಂಪಳ್ಳಿ, ಹಸಿ, ಅಂಚು ಎಂದು ಬರೆದಿದ್ದರು. ಕಣ್ಣಿಟ್ಟೆ. ಪದರಿನ ಅಂಚಿನುದ್ದಕ್ಕೂ, ದುಂಡು ಹೊಟ್ಟೆ, ಉದ್ದ ಕತ್ತು, ಸಾಲಾಗಿ ನಿಲ್ಲಿಸಿದ ಅತ್ತರಿನ ಸೀಸೆಗಳು. ಜೀವಕೋಶಗಳು ಹಾಗಿರುವುದನ್ನು ಚಿತ್ರದಲ್ಲಿ ನೋಡಿದ್ದೆ, ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ನಾನು ಕೊಯ್ದ ದಪ್ಪ ಹೋಳುಗಳಲ್ಲಿ ಅಂಚೇ ಮಡಚಿ ಹೋಗಿತ್ತು. ಇದನ್ನು ಹೋಲುವ ಹಳೆಯ ಪ್ರಭೇದದ ವಿವರಣೆ ತೆರೆದೆ: ಅಂಚಿನಲ್ಲಿ ಇಂಥವು ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನು.

ಕಾಕಾ ಬಾಗಿಲಲ್ಲಿ ನಿಂತಿದ್ದರು. "ಸೀಸಿ ಅವ ಕಾಕಾ" ಎಂದೆ.

"ಅವರಿ" ಎಂದರು. ನಾನು ಅವತ್ತೇ ಹೇಳಿದ್ದೆ ಎನ್ನಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಖಂಡಿತ ಅನ್ನುತ್ತಿದ್ದೆ, ಅದೂ ಎರಡು ಸಲ.

ಮುಂದಿನ ಮಳೆಗಾಲದವರೆಗೆ ಕಾದೆವು. ಮೃಗಶಿರ ಕೈಕೊಟ್ಟಿತು, ಆರಿದ್ರಾದಲ್ಲಿ ಹದವಾದ ಮಳೆ ಬಿತ್ತು. ನಾಲ್ಕು ಸಲ ಬರಿಗೈಯಲ್ಲಿ ಬಂದು, ಐದನೆಯ ಸಲ ಅದೇ ತೇಗದ ಮರಗಳ ಕೆಳಗೆ ಅವು ಸಿಕ್ಕವು. ಈ ಸಲ ಕಾಕಾ ಕಾಡಿಗೇ ಬೆಂಡಿನ ಡಬ್ಬಿ, ಬ್ಲೇಡು ತಂದಿದ್ದರು. ಜಲಾಶಯದ ಕಟ್ಟೆಯ ಮೇಲೆ ಕೊಡೆ ಬಿಚ್ಚಿ ಹಿಡಿದು ನಾನು ನಿಂತೆ, ಅವರು ಮಂಡಿಯ ಮೇಲೆ ಹಲಗೆಯಿಟ್ಟು ಕೊಯ್ದರು. ಮಣಿಕಟ್ಟಿನ ನರ ಕೂಡ ಅಲುಗಲಿಲ್ಲ. ಇಂಥ ಕೈಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲವಲ್ಲ ಎಂದು ನನಗೆ ನಿಜವಾಗಿ ಬೇಸರವಾಯಿತು. ಟೊಪ್ಪಿಗೆಗಳು ನುಣ್ಣಗಿದ್ದವು. ಎಲ್ಲವುಗಳ ಅಂಚಿನಲ್ಲೂ ಸೀಸೆಗಳಿದ್ದವು. ಹೊಸ ಮಾದರಿಗಳ ಡಿಎನ್‌ಎ ಸಾಲುಗಳೂ ಬಂದು ಹಳೆಯದರ ಪಕ್ಕದಲ್ಲೇ ಕೂತವು. ಕಣ್ಣು ಹೇಳಿದ್ದನ್ನು ಅಕ್ಷರಗಳು, ಅಕ್ಷರಗಳು ಹೇಳಿದ್ದನ್ನು ಕಣ್ಣು ಒಪ್ಪಿದವು. ಇನ್ನೇನು ಬೇಕು?

ಲೇಖನವನ್ನು ಹೊಸದಾಗಿ ಬರೆದೆ. ಅಣಬೆಗೆ ಸಣ್ಣ ಸೀಸೆ ಎಂಬರ್ಥದ ಹೆಸರಿಟ್ಟೆ. ಬರೆದವರ ಸಾಲಿನಲ್ಲಿ ನನ್ನ ಹೆಸರಿನ ಪಕ್ಕ ಕಾಕಾನ ಹೆಸರು ಹಾಕಿದೆ. ಅಟೆಂಡರನ ಹೆಸರು ಹಾಕುವ ಪದ್ಧತಿ ಇದೆಯೇ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದರು. ಇಲ್ಲದಿದ್ದರೆ ಇವತ್ತಿನಿಂದ ಇದೆ ಎಂದೆ.

ಕರಡನ್ನು ಕಾಕಾನಿಗೆ ಕನ್ನಡದಲ್ಲಿ ಓದಿ ಹೇಳಿದೆ. ತಮ್ಮ ಹೆಸರು ಬಂದಾಗ ನಾಚಿ ಕಿಟಕಿಯ ಕಡೆ ನೋಡಿದರು. ಕೊನೆಗೆ ಕೇಳಿದರು: "ದೂಳಿನ ಮಾತು ಎಲ್ಲದರಿ?"

"ಅದು ಯಾಕ ಕಾಕಾ? ಈಗ ಅದರ ಅವಶ್ಯ ಇಲ್ಲ."

"ಬರೀಬೇಕ್ರಿ."

"ಊರಿಗೆಲ್ಲ ನನ್ನ ಮರ್ಯಾದಿ ಹರಾಜು ಹಾಕ್ಲಿ ಏನು?"

ಕಾಕಾ ಉಗುರಿನ ಬಣ್ಣದ ಸೀಸೆಯ ಮುಚ್ಚಳ ತಿರುಗಿಸುತ್ತ, ನಿಧಾನವಾಗಿ ಹೇಳಿದರು: "ನಾಳಿ ಇನ್ನೊಬ್ಬಾಕಿ ಹುಡುಗಿ ಬರ್ತಾಳ್ರಿ, ವಾಡಿಯಾಕಿನೋ ಶಹಾಬಾದಿನಾಕಿನೋ. ಆಕಿ ಮಾಳಗಿ ಮ್ಯಾಲೂ ದೂಳ ಬೀಳ್ತದ. ಆಕಿಗಿ ನಿಂಬಿಹಣ್ಣ ತಂದ್ಕೊಡ್ಲಿಕ್ಕ ನಾ ಇರ್ತೀನೇನು?"

ನಾನು ಬರೆದೆ. ಈ ಭಾಗದಲ್ಲಿ ಬಯಲಿನಲ್ಲಿ ಒಣಗಿಸಿದ ಮಾದರಿಗಳ ಮೇಲೆ ಸುಣ್ಣದ ಕಲ್ಲಿನ ದೂಳು ಕೂರುತ್ತದೆ, ಅದನ್ನು ಅಣಬೆಯ ಲಕ್ಷಣವೆಂದು ಲೇಖಕಿ ಮೊದಲು ತಪ್ಪಾಗಿ ದಾಖಲಿಸಿದ್ದರು, ಒಂದು ಹನಿ ಆಮ್ಲದಿಂದ ಪರೀಕ್ಷಿಸಿಕೊಳ್ಳಬೇಕು ಎಂದು. ಲೇಖನ ಅಚ್ಚಾಗಿ ಬಂದ ದಿನ ಕಾಕಾ ತಮ್ಮ ಹೆಸರಿನ ಮೇಲೆ ಬೆರಳು ನಿಲ್ಲಿಸಲಿಲ್ಲ. ಆ ಸಾಲು ಎಲ್ಲಿದೆ ಎಂದು ಕೇಳಿ, ಅದರ ಕೆಳಗೆ ಬೆರಳಿಟ್ಟು ತೃಪ್ತಿಯಿಂದ ತಲೆಯಾಡಿಸಿದರು.

ಈಗ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳ ಮೊದಲ ಪ್ರಯೋಗ ಇದೇ. ಟೇಬಲ್ಲಿನ ಮೇಲೆ ಆ ಹಳೆಯ ಒಣ ಟೊಪ್ಪಿಗೆ, ಅರ್ಧ ನಿಂಬೆಹಣ್ಣು, ತೆರೆದಿಟ್ಟ ಕಾಡಿನ ಪುಸ್ತಕದ ಪುಟ. ಈ ಸಲ ಶಹಾಬಾದಿನ ಹುಡುಗಿಯೊಬ್ಬಳು ಗೀಟು ಎಳೆದ ಸಾಲನ್ನು ಬಗ್ಗಿ ಓದಿ, "ಮ್ಯಾಡಂ, ಇದು ಯಾರು ಬರದದ್ರಿ?" ಎಂದು ಕೇಳಿದಳು. ನಾನೇ ಎಂದೆ. ಅವಳು ನಂಬದೆ ಕಾಕಾನ ಕಡೆ ನೋಡಿದಳು. ಕಾಕಾ ಅವಳ ಕೈಗೆ ನಿಂಬೆಹಣ್ಣು ಕೊಟ್ಟರು.